ಗ್ಯಾರಂಟಿ ಬ್ಯಾಂಕಿಗೆ, ಕಂತು ನಮಗೆ

ಪ್ರಶ್ನೆ: ಕೋವಿಡ್ ಹೊತ್ತಿನಲ್ಲಿ ಕೇಂದ್ರ ಸರ್ಕಾರ ಸಣ್ಣ ಉದ್ಯಮಗಳಿಗೆ 3 ಲಕ್ಷ ಕೋಟಿ ಕೊಟ್ಟಿತು ಅಂತ ಓದಿದ್ದೆ. ಪೀಣ್ಯದಲ್ಲಿ ಎರಡು ಲೇತ್ ಇಟ್ಟುಕೊಂಡು ಜಾಬ್ ವರ್ಕ್ ಮಾಡುವ ನನ್ನ ಭಾವನಿಗೆ ಬಿಡಿಗಾಸೂ ಬರಲಿಲ್ಲ. ದುಡ್ಡು ಎಲ್ಲಿ ಹೋಯಿತು?
– ಓದುಗರು, ನೆಲಮಂಗಲ

ಉತ್ತರ: ನಿಮ್ಮ ಭಾವ ಆಗ ಬ್ಯಾಂಕಿನಲ್ಲಿ ಸಾಲ ಮಾಡಿರಲಿಲ್ಲ ಅಂತ ಕಾಣುತ್ತದೆ. ಅದೇ ಅವರಿಗೆ ಮುಳುವಾಯಿತು!

2020ರ ಮೇ ತಿಂಗಳಲ್ಲಿ ಬಂದ ಇಸಿಎಲ್‌ಜಿಎಸ್ (ತುರ್ತು ಸಾಲ ಖಾತರಿ) ಯೋಜನೆಯಲ್ಲಿ ಸರ್ಕಾರ ಯಾರ ಕೈಗೂ ದುಡ್ಡು ಕೊಡಲಿಲ್ಲ. ಬ್ಯಾಂಕಿಗೆ ಮಾತು ಕೊಟ್ಟಿತು: ನೀವು ಸಾಲ ಕೊಡಿ, ವಸೂಲಾಗದಿದ್ದರೆ ನಾವು ತುಂಬಿಕೊಡುತ್ತೇವೆ. ಎಷ್ಟು ಸಾಲ? ಆ ವರ್ಷದ ಫೆಬ್ರವರಿ 29ಕ್ಕೆ ಹಳೇ ಸಾಲ ಎಷ್ಟು ಬಾಕಿ ಇತ್ತೋ ಅದರ ಶೇ 20. 10 ಲಕ್ಷ ಬಾಕಿ ಇದ್ದವರಿಗೆ 2 ಲಕ್ಷ. ಕೈಸಾಲದಲ್ಲೇ ಶೆಡ್ ನಡೆಸಿದವರಿಗೆ ಸೊನ್ನೆ.

ನಾನಾಗ ಬ್ಯಾಂಕೊಂದರ ಸಾಲ ವಿಭಾಗದಲ್ಲಿದ್ದೆ. ಹೊಸ ಅಡಮಾನ ಕೇಳುವಂತಿರಲಿಲ್ಲ, ಬಡ್ಡಿ ಶೇ 9.25 ದಾಟುವಂತಿರಲಿಲ್ಲ. ಮಾಮೂಲಿಯಾಗಿ ಜನರನ್ನು ಅಲೆದಾಡಿಸುವ ನಾವೇ ಫೋನ್ ಮಾಡಿ ಕರೆದು ಸಾಲ ಕೊಟ್ಟೆವು. ಮುಳುಗಿದರೂ ನಷ್ಟ ನಮ್ಮದಲ್ಲ, ಅಲ್ವಾ?

2 ಲಕ್ಷಕ್ಕೆ ಮೊದಲ ವರ್ಷ ಬರೀ ಬಡ್ಡಿ, ತಿಂಗಳಿಗೆ ಸುಮಾರು 1,540 ರೂಪಾಯಿ. ಆಮೇಲೆ ಮೂರು ವರ್ಷ ಅಸಲೂ ಸೇರಿ 6,380ರ ಆಸುಪಾಸು. ಆ ದೊಡ್ಡ ಕಂತು ಶುರುವಾಗುವ ಹೊತ್ತಿಗೆ ಎರಡನೇ ಅಲೆ ಬಂದು ಹೋಗಿತ್ತು. ‘ಸರ್ಕಾರದ ಗ್ಯಾರಂಟಿ ಇದೆಯಲ್ಲ ಸಾರ್, ನಾನ್ಯಾಕೆ ಕಟ್ಟಲಿ?’ ಅಂತ ಎಷ್ಟೋ ಜನ ಕೇಳುತ್ತಿದ್ದರು. ಗ್ಯಾರಂಟಿ ಇದ್ದದ್ದು ಬ್ಯಾಂಕಿಗೆ. ಸಾಲಗಾರ ಸುಸ್ತಿಯಾದರೆ ಅವನ ಸಿಬಿಲ್ ಸ್ಕೋರ್ (ಸಾಲ ಕೊಡುವಾಗ ಬ್ಯಾಂಕುಗಳು ನೋಡುವ ಅಂಕ) ಬೀಳುವುದು ತಪ್ಪಲಿಲ್ಲ.

ಹಾಗಂತ ಯೋಜನೆ ದಂಡ ಅನ್ನಲಾರೆ. ಸಣ್ಣ ಉದ್ಯಮಗಳ ಸುಮಾರು 13.5 ಲಕ್ಷ ಸಾಲದ ಖಾತೆಗಳು ಮುಳುಗದೆ ಉಳಿದುಕೊಂಡವು ಅಂತ 2022ರ ಜನವರಿಯಲ್ಲಿ ಎಸ್‌ಬಿಐನ ಅರ್ಥಶಾಸ್ತ್ರಜ್ಞರು ಅಂದಾಜು ಮಾಡಿದ್ದರು. (ಸಾಲ ಕೊಟ್ಟವರದೇ ಲೆಕ್ಕ ಅನ್ನುವುದೂ ನೆನಪಿರಲಿ.) ಕೆಲಸಗಾರರ ಸಂಬಳಕ್ಕೆ, ಶೆಡ್ಡಿನ ಬಾಡಿಗೆಗೆ ಆ ದುಡ್ಡು ಒದಗಿತು. ಆರ್ಡರನ್ನು ಮಾತ್ರ ಯಾವ ಸಾಲವೂ ತಂದುಕೊಡಲಿಲ್ಲ.

ನಿಮ್ಮ ಭಾವ ಹಳೇ ಕರೆಂಟ್ ಬಿಲ್ ತೆಗೆದು ನೋಡಲಿ. ಸಣ್ಣ ಕೈಗಾರಿಕೆಗಳಿಗೆ ಎರಡು ತಿಂಗಳ ನಿಗದಿತ ಶುಲ್ಕ ಮನ್ನಾ ಅಂತ ರಾಜ್ಯ ಸರ್ಕಾರ ಆಗ ಘೋಷಿಸಿತ್ತು. ಬಂದಿದ್ದರೆ ಅದೊಂದು ಬಂದಿರುತ್ತದೆ.

ಪ್ರಶ್ನೆ: ಅಮೆರಿಕದಲ್ಲಿ ಇಂಥ ಸಾಲ ಮನ್ನಾ ಆಯಿತಂತೆ, ನಿಜವೇ?
– ಓದುಗರು, ಹಾಸನ

ಉತ್ತರ: ನಿಜ. ಪಿಪಿಪಿ (ಪೇಚೆಕ್ ಪ್ರೊಟೆಕ್ಷನ್ ಪ್ರೋಗ್ರಾಂ, ಅಂದರೆ ಸಂಬಳ ಉಳಿಸುವ ಸಾಲ) ಅನ್ನುವ ಯೋಜನೆ. ಸಾಲದಲ್ಲಿ ಕನಿಷ್ಠ ಶೇ 60 ಸಂಬಳಕ್ಕೆ, ಉಳಿದದ್ದು ಬಾಡಿಗೆ, ಕರೆಂಟಿನಂಥ ಖರ್ಚಿಗೆ ಹೋಗಿದ್ದರೆ, ಕೆಲಸಗಾರರನ್ನೂ ಸಂಬಳವನ್ನೂ ಉಳಿಸಿಕೊಂಡಿದ್ದರೆ ಪೂರ್ತಿ ಮನ್ನಾ. ಸುಳ್ಳು ಸಂಬಳಪಟ್ಟಿ ತೋರಿಸಿ ಸಾಲ ಎತ್ತಿ ಐಷಾರಾಮಿ ಕಾರು ಕೊಂಡವರೂ ಇದ್ದರು. ಅವರಲ್ಲಿ ಕೆಲವರು ಜೈಲು ಸೇರಿದರು.