ಹಳೇ ಮಿಲಿಟರಿ ನಿಸ್ಸಾನ್ ಒನ್-ಟನ್ನಿಗೆ ಡೀಸೆಲ್ ಎಂಜಿನ್ ಕೂರುತ್ತದೆಯೇ?

ಪೆಟ್ರೋಲ್ ಎಂಜಿನ್ನಿನ ಈ ಟ್ರಕ್ಕಿಗೆ ಕೂರುತ್ತದೆ. ಆದರೆ ಎಂಜಿನ್ ಕೊಳ್ಳುವ ಮೊದಲು ಅಡಾಪ್ಟರ್ ಪ್ಲೇಟಿನ (ಹೊಸ ಎಂಜಿನ್ನನ್ನು ಹಳೇ ಗೇರ್‌ಬಾಕ್ಸಿಗೆ ಜೋಡಿಸುವ ದಪ್ಪ ತಗಡಿನ) ಬಗ್ಗೆ ಯೋಚಿಸಿ. ಕೆಲಸ ಕೆಡುವುದು ಹೆಚ್ಚಾಗಿ ಅಲ್ಲೇ.

ಗೇರ್‌ಬಾಕ್ಸನ್ನು ಇದ್ದಲ್ಲೇ ಬಿಟ್ಟು ಎಂಜಿನ್ನನ್ನೇ ಅದಕ್ಕೆ ಹೊಂದಿಸಿ, ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸುವ ಗೋಜು ಇರುವುದಿಲ್ಲ. ಹುಬ್ಬಳ್ಳಿಯ ಯಾವುದೇ ಒಳ್ಳೆಯ ಲೇತ್‌ನವರು ಪ್ಲೇಟ್ ಮಾಡಿಕೊಡುತ್ತಾರೆ. ಬೋಲ್ಟ್ ತೂತು ಕೂಡಿದವು ಅಂತ ಬಿಗಿದುಬಿಡಬೇಡಿ. ಫ್ಲೈವೀಲಿಗೆ ಡಯಲ್ ಗೇಜ್ (ಸೂಕ್ಷ್ಮ ಅಂತರ ಅಳೆಯುವ ಮಾಪಕ) ಕಟ್ಟಿ, ಬೆಲ್ ಹೌಸಿಂಗಿನ (ಕ್ಲಚ್ ಮುಚ್ಚುವ ಗೂಡಿನ) ನಡುತೂತಿನ ಒಳಗೋಡೆಗೆ ಗೇಜಿನ ತುದಿ ತಾಗಿಸಿ, ಕ್ರ್ಯಾಂಕನ್ನು ಕೈಯಿಂದ ಒಂದು ಸುತ್ತು ತಿರುಗಿಸಿ. ಮುಳ್ಳಿನ ಒಟ್ಟು ಓಡಾಟ 0.25 ಮಿ.ಮೀ. ಒಳಗಿರಬೇಕು. ಸರಿಬಂದ ಮೇಲೆ ಪ್ಲೇಟ್ ಅಲ್ಲಾಡದಂತೆ ಡೋವೆಲ್ ಪಿನ್ ಹೊಡೆಯಿರಿ. ಓಡಾಟ ಅಷ್ಟನ್ನು ಮೀರಿದರೆ ಪೈಲಟ್ ಬುಷ್ (ಕ್ರ್ಯಾಂಕಿನ ತುದಿಯಲ್ಲಿ ಗೇರ್‌ಬಾಕ್ಸ್ ಶಾಫ್ಟಿನ ಮೂತಿ ಹಿಡಿಯುವ ಬುಷ್) ಬೇಗ ಸವೆಯುತ್ತದೆ, ಕ್ಲಚ್ ಪ್ಲೇಟಿನ ಹಬ್ ಸೀಳುತ್ತದೆ, ಟಾಪ್ ಗೇರ್ ತಾನಾಗಿ ಜಾರುತ್ತದೆ. ಆಮೇಲೆ ಎಲ್ಲರೂ ಬೈಯುವುದು ಗೇರ್‌ಬಾಕ್ಸನ್ನು! ಪ್ಲೇಟಿನ ದಪ್ಪದಷ್ಟು ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಹಿಂದೆ ಉಳಿಯುತ್ತದೆ, ಹಾಗಾಗಿ ಉದ್ದನೆಯ ಪೈಲಟ್ ಬುಷ್ ಬೇಕಾಗಬಹುದು.

ಬ್ರೇಕಿಗೆ ವ್ಯಾಕ್ಯೂಮ್ ಬೂಸ್ಟರ್ ಇದ್ದರೆ, ಹಿಂದೆ ವ್ಯಾಕ್ಯೂಮ್ ಪಂಪ್ ಇರುವ ಆಲ್ಟರ್ನೇಟರನ್ನೇ ಹಾಕಿ. ಡೀಸೆಲ್ ಎಂಜಿನ್ನಿನ ಮ್ಯಾನಿಫೋಲ್ಡಿನಿಂದ (ಗಾಳಿ ಒಳಹೋಗುವ ಕೊಳವೆಯಿಂದ) ಸಾಕಷ್ಟು ಎಳೆತ ಸಿಗುವುದಿಲ್ಲ. ಮಿಕ್ಕ ಡೀಸೆಲ್ ಮರಳಲು ಟ್ಯಾಂಕಿಗೆ ರಿಟರ್ನ್ ಪೈಪೂ ಬೇಕು. ಮುಂದಿನ ಆಕ್ಸಲ್ ಪೂರ್ತಿ ಮೇಲೆದ್ದಾಗ ಎಂಜಿನ್ನಿನ ತಳದ ಆಯಿಲ್ ಸಂಪ್‌ಗೆ ಬಡಿಯದಂತೆ ಜಾಗ ಬಿಡಿ. ಡೀಸೆಲ್ ಕಡಿಮೆ ಆರ್‌ಪಿಎಂನಲ್ಲಿ ಓಡುವುದರಿಂದ ಟಾಪ್ ಸ್ಪೀಡ್ ಇಳಿಯುತ್ತದೆ. ಹೊಲದ ಎರೆಮಣ್ಣಿನಲ್ಲಿ ಅದು ಲಾಭ, ಹೈವೇಯಲ್ಲಿ ಬೇಸರ.

ಇಂಧನ ಬದಲಾಗುವುದರಿಂದ ಎಂಜಿನ್ ಬಿಚ್ಚುವ ಮೊದಲೇ ಆರ್‌ಟಿಒ ಒಪ್ಪಿಗೆ ಪಡೆಯಿರಿ: ಧಾರವಾಡ ಕೆಎ-25, ಹುಬ್ಬಳ್ಳಿ ಕೆಎ-63. ಎಂಜಿನ್ನಿನ ಬಿಲ್ ಇಲ್ಲದಿದ್ದರೆ ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರ್ ಏರಿಸುವುದು ಕಷ್ಟ.