ಫ್ರೀಜ್ ಮಾಡಿಟ್ಟ ಅಂಡಾಶಯದ ತುಂಡು ಮರಳಿ ಕೂರಿಸಿದ ಮೇಲೆ ಉಳಿಯುವುದು ಹೇಗೆ?

ಕ್ಯಾನ್ಸರ್ ಔಷಧಿ ಚಿಕಿತ್ಸೆ ಕೀಮೋಗೆ ಮೊದಲು ತೆಗೆದಿಟ್ಟ ತುಂಡನ್ನು ಮತ್ತೆ ಕೂರಿಸಿದರೆ ಫಾಲಿಕಲ್‌ಗಳು (ಅಂಡಾಣು ಇರುವ ಪುಟ್ಟ ಚೀಲಗಳು) ಏಕೆ ಸಾಯುತ್ತವೆ ಎಂದು ಶಿವಮೊಗ್ಗದಿಂದ ಕೇಳಿದ್ದೀರಿ. ಮೈನಸ್ 196 ಡಿಗ್ರಿಯ ಚಳಿಗಿಂತ ದೊಡ್ಡ ಶತ್ರು ಕಸಿಯ ನಂತರದ ಮೊದಲ ವಾರ. ಅಡಿಕೆ ಸಸಿ ಕಿತ್ತು ನೆಟ್ಟ ಹಾಗೆಯೇ, ಬೇರು ಹಿಡಿಯುವ ತನಕ ಬಾಡುತ್ತದೆ. ಹೊಸ ರಕ್ತನಾಳ ಬರುವವರೆಗೆ ಸುಮಾರು 5 ದಿನ ಆಮ್ಲಜನಕಕ್ಕೆ ತೀರಾ ಬರ. ಅದಕ್ಕೇ ತುಂಡು 1 ಮಿ.ಮೀ. ಆಸುಪಾಸು ತೆಳುವಾಗಿರಬೇಕು, ಒಳತಿರುಳು ಕೆರೆದು ತೆಗೆದಿರಬೇಕು. ಕೂರಿಸುವ ಜಾಗದಲ್ಲಿ ರಕ್ತ ಚೆನ್ನಾಗಿ ಹರಿಯಬೇಕು. ಆದರೆ ಅಡಿಯಲ್ಲಿ ರಕ್ತ ಹೆಪ್ಪುಗಟ್ಟಿ ತುಂಡು ಮೇಲೆದ್ದರೆ ಕೆಲಸ ಕೆಟ್ಟಿತು.

ಬದುಕಿದ ಫಾಲಿಕಲ್‌ಗಳೂ ಒಟ್ಟಿಗೇ ಎಚ್ಚೆತ್ತು ಬೇಗ ಮುಗಿದುಹೋಗುವುದುಂಟು. ವಿಇಜಿಎಫ್ (ರಕ್ತನಾಳ ಬೆಳೆಸುವ ಪ್ರೋಟೀನ್), ಆಂಟಿಆಕ್ಸಿಡೆಂಟ್, ಕೊಬ್ಬಿನ ಕಾಂಡಕೋಶ ಎಲ್ಲ ಇನ್ನೂ ಪ್ರಯೋಗದ ಹಂತದಲ್ಲೇ ಇವೆ, ಅವುಗಳ ಹೆಸರಲ್ಲಿ ದುಡ್ಡು ಸುರಿಯಬೇಡಿ. ಹಾರ್ಮೋನ್ ಮರಳಲು ಸಾಮಾನ್ಯವಾಗಿ 4–6 ತಿಂಗಳು. ರಕ್ತಕ್ಯಾನ್ಸರ್ ಇದ್ದವರಿಗೆ ಆ ತುಂಡಿನಲ್ಲೇ ಕ್ಯಾನ್ಸರ್ ಕೋಶ ಉಳಿದಿರಬಹುದು, ಅದನ್ನು ವೈದ್ಯರ ಹತ್ತಿರ ಮೊದಲೇ ಕೇಳಿ.