ನಿರ್ಭೀಕ್ ತಗೊಳ್ಳಲಾ, ಹಳೇ .32 ತಗೊಳ್ಳಲಾ?

“ಸರ್, ಮಹಾಲಿಂಗಪುರ ಪೇಟೆಯಲ್ಲಿ ಬೆಲ್ಲ ಮಾರಿ ರಾತ್ರಿ ದುಡ್ಡಿನ ಜೊತೆ ಬೈಕ್‌ನಲ್ಲಿ ಊರಿಗೆ ಬರ್ತೀನಿ, ಲೈಸೆನ್ಸ್ ಸಿಕ್ಕಿದೆ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ನಿರ್ಭೀಕ್ ರಿವಾಲ್ವರಾ, ಹಳೇ ಮಾದರಿಯ .32 ರಿವಾಲ್ವರಾ, ಯಾವುದು ಒಳ್ಳೇದು” ಅಂತ ಕೇಳಿದ್ದೀರಿ. ನಾನು ಬೆಳಗಾವಿಯವನು, ನನ್ನ ಹತ್ತಿರ ಹಳೇ .32 ಇದೆ.

ತೂಕ ನೋಡಿದರೆ ನಿರ್ಭೀಕ್ ಮೇಲು. 2014ರಲ್ಲಿ ಕಾನ್ಪುರದ ಸರ್ಕಾರಿ ಬಂದೂಕು ಕಾರ್ಖಾನೆಯಿಂದ ಬಂದದ್ದು, ಸುಮಾರು 500 ಗ್ರಾಂ, ಅದರ ಗುಂಡಿನ ಅಳತೆಯೂ .32, ಆರು ಗುಂಡು. ದಿನವಿಡೀ ಸೊಂಟದಲ್ಲಿದ್ದರೆ ಹಳೇದರ ಭಾರ ಗೊತ್ತಾಗುತ್ತದೆ. ಆದರೆ ಹಗುರವಾದಷ್ಟೂ ಕೈಗೆ ಒದೆತ ಜಾಸ್ತಿ. ಅಂಗಡಿಯಲ್ಲಿ ಎರಡನ್ನೂ ಹಿಡಿದು ನೋಡಿ. ಖಾಲಿ ಇದೆ ಅಂತ ಬಿಚ್ಚಿ ನೋಡಿಕೊಂಡು, ಅವರನ್ನು ಕೇಳಿ, ಕುದುರೆ (ಹಿಂಬದಿಯ ಸುತ್ತಿಗೆ) ಎಳೆಯದೆ ಬರೀ ಟ್ರಿಗರ್ ಒತ್ತಿ. ಮೂತಿ ಅಲುಗಾಡಿದರೆ ಅದು ನಿಮ್ಮ ಕೈಗೆ ಆಗುವುದಿಲ್ಲ.

ಪ್ಯಾಂಟಿನ ಕಿಸೆಯಲ್ಲಿ ಮಾತ್ರ ಸುಮ್ನೆ ಹಾಕಿಕೊಳ್ಳಬೇಡಿ. ಮೊದಲ ತಿಂಗಳು ನಾನು ಹಾಗೇ ಮಾಡುತ್ತಿದ್ದೆ. ಒಂದಿನ ಹೊರಗೆ ತೆಗೆದರೆ ಬೈಕಿನ ಕೀಲಿ ಟ್ರಿಗರ್ ಗಾರ್ಡ್ ಒಳಗೆ ಸಿಕ್ಕಿಕೊಂಡಿತ್ತು. ಎದೆ ಧಸಕ್ಕೆಂದಿತು. ಅವತ್ತೇ ಟ್ರಿಗರ್ ಪೂರ್ತಿ ಮುಚ್ಚುವ ಚರ್ಮದ ಹೋಲ್‌ಸ್ಟರ್ ತಂದೆ. ನಮ್ಮ ಬೇಸಿಗೆಗೆ ಬೆವರು ಇಳಿದು ತುಕ್ಕು ಹಿಡಿಯುತ್ತದೆ, ವಾರಕ್ಕೊಮ್ಮೆ ಎಣ್ಣೆ ಬಟ್ಟೆಯಿಂದ ಒರೆಸಿ. ಮನೆಗೆ ಬಂದ ಕೂಡಲೇ ಗುಂಡು ತೆಗೆದು ಬೇರೆ ಕಡೆ ಬೀಗ ಹಾಕಿಡಿ. ಮಕ್ಕಳಿರುವ ಮನೆ ಅಲ್ವಾ.

ಚುನಾವಣೆ ಹೊತ್ತಿಗೆ ಠಾಣೆಯಲ್ಲಿ ಜಮಾ ಮಾಡಿ ಅಂದರೆ ಮಾಡಿ, ರಸೀದಿ ಜೋಪಾನ. ಮದುವೆ ಮೆರವಣಿಗೆಯಲ್ಲಿ ಗೆಳೆಯರು ಒಂದೇ ಒಂದು ಗುಂಡು ಹಾರಿಸು ಅಂದರೂ ಕೇಳಬೇಡಿ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಅದಕ್ಕೆ 2 ವರ್ಷದವರೆಗೆ ಜೈಲಿದೆ. ಇನ್ನು, ದೊಡ್ಡ ಮೊತ್ತವಾದರೆ ದಲಾಲರಿಗೆ ಬ್ಯಾಂಕ್ ಖಾತೆಗೇ ಹಾಕಲು ಹೇಳಿ.